ಎಣ್ಣೇಮರದ ಎಲೆಯೂ ನಮ್ಮ ಹಿತ್ತಲ ನುಗ್ಗೆಯ ಸೊಪ್ಪೂ

ನೋಹನ ನಾವೆಗೆ ಪಾರಿವಾಳವು ಕೊಕ್ಕಿನಲ್ಲಿ ಕಚ್ಚಿಕೊಂಡು ಬಂದ ಎಲೆಯು ಯಾವ ಮರದ್ದೆಂಬುದನ್ನು ನಮ್ಮ ಭಾನುವಾರದ ಶಾಲೆಯ ಅತಿ ಚಿಕ್ಕ ಮಕ್ಕಳೂ ಬಲ್ಲರು. ಕನ್ನಡ ಸತ್ಯವೇದವು ಎಣ್ಣೇಮರವೆಂದು ಹೆಸರಿಸುವ ಆ ವೃಕ್ಷವನ್ನೇ ಈಗ ಪೇಟೆಯಲ್ಲಿ ಆಲಿವ್ ಎಂದು ಕರೆಯುತ್ತಾರೆ. ಅದರ ಕಾಯಿಯ ಎಣ್ಣೆಯು ಹೆಬ್ಬಾಳ, ಯಲಹಂಕಗಳ ಅಂಗಡಿಗಳಿಗೂ ಬಂದು ಬಹುದಿನಗಳಾದುವು. ಈಚೆಗೆ ಅದರ ಎಲೆಯೂ ಗುಳಿಗೆಯ ರೂಪದಲ್ಲಿಯೂ ಚಹದ ಪುಡಿಯ ರೂಪದಲ್ಲಿಯೂ ಮಾರಾಟಕ್ಕೆ ಬಂದಿದೆ. ರಾಜಸ್ಥಾನದವರು 2007ರ ಸುಮಾರಿನಿಂದ ಇಸ್ರೇಲ್ ದೇಶದ ನೆರವಿನೊಡನೆ ಈ ಮರವನ್ನು ಬೆಳೆಸತೊಡಗಿ, ಮುಂದೆ ಅದರ ಎಲೆಯಿಂದ ಚಹವನ್ನೂ ತಯಾರಿಸಿದರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರೂ ಕೆಲವು ತಾಯಂದಿರೂ ಇದನ್ನು ಮಕ್ಕಳಿಗೆ ಕೊಡಬಹುದೇ, ಮನೆಯ ಹಿರಿಯರಿಗೆ ಕೊಡಬಹುದೇ ಎಂದು ನನ್ನನ್ನು ಕೇಳಿರುವುದರಿಂದ, ಈ ಸಂಚಿಕೆಯಲ್ಲಿ ಆ ವಿಷಯವನ್ನು ತಕ್ಕಮಟ್ಟಿಗೆ ವಿವರಿಸಲು ಯತ್ನಿಸುತ್ತೇನೆ.

ಯೆಹೆಜ್ಕೇಲನ ಗ್ರಂಥದ 47ನೆಯ ಅಧ್ಯಾಯದಲ್ಲಿ ಔಷಧಕ್ಕಾಗುವ ಎಲೆಗಳ ಮಾತು ಬರುತ್ತದೆಯಲ್ಲವೇ ಎಂದು ಒಬ್ಬ ತಾಯಿ ಕೇಳಿದರು. ಬರುವುದು ನಿಜ, ಆದರೆ ಅಲ್ಲಿ ಎಣ್ಣೇಮರದ ಹೆಸರಿಲ್ಲ. ಗುಳಿಗೆಯ ಡಬ್ಬಿಗೆ ಪ್ರವಾದಿಯ ಸಾಕ್ಷ್ಯವನ್ನು ಅಂಟಿಸುವುದು ಸರಿಯಲ್ಲ.

ಮೊದಲು ಆ ಡಬ್ಬಿಯ ಮೇಲೆ ಬರೆದಿರುವ ಆಂಟಿಆಕ್ಸಿಡೆಂಟ್ ಎಂಬ ಶಬ್ದದ ಅರ್ಥವನ್ನು ತಿಳಿಯತಕ್ಕದ್ದು. ನಮ್ಮ ವಿಜ್ಞಾನದ ಪಾಠಗಳಲ್ಲಿ ಇದನ್ನು ಉತ್ಕರ್ಷಣ ನಿರೋಧಕವೆಂದು ಹೇಳುತ್ತೇವೆ. ಬದನೆಕಾಯನ್ನು ಹೆಚ್ಚಿ ಹಾಗೆಯೇ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದು ಕಪ್ಪಾಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಗಾಳಿಯಲ್ಲಿರುವ ಆಮ್ಲಜನಕವು ಅದರ ರಸದೊಡನೆ ಕೂಡಿದುದೇ ಇದಕ್ಕೆ ಕಾರಣ. ನಿಂಬೆಯ ರಸವನ್ನು ಹಿಂಡಿದ ನೀರಿನಲ್ಲಿ ಆ ಹೋಳುಗಳನ್ನು ಹಾಕಿದರೆ ಕಪ್ಪಾಗುವುದು ತಡವಾಗುತ್ತದೆ. ರಸದ ಹುಳಿಯೂ ಅದರಲ್ಲಿರುವ 'ಸಿ' ಜೀವಸತ್ವವೂ ಆ ಕಾರ್ಯವನ್ನು ತಡೆಯುತ್ತವೆ. ಇದಕ್ಕೆ ಹೋಲುವ ಉತ್ಕರ್ಷಣವು ನಮ್ಮ ದೇಹದೊಳಗೂ ಎಡೆಬಿಡದೆ ನಡೆಯುತ್ತಿರುವುದು. ನಾವು ಉಂಡ ಅನ್ನವು ಆಮ್ಲಜನಕದೊಡನೆ ಸೇರಿ ಶಕ್ತಿಯಾಗಿ ಮಾರ್ಪಡುವಾಗ, ಎಲೆಕ್ಟ್ರಾನೊಂದನ್ನು ಕಳೆದುಕೊಂಡು ನೆರೆಯ ಕಣಗಳಿಂದ ಅದನ್ನು ಕಿತ್ತುಕೊಳ್ಳಲು ಹವಣಿಸುವ ಚಂಚಲ ಕಣಗಳು ಹುಟ್ಟುತ್ತವೆ. ತನ್ನದೊಂದು ಎಲೆಕ್ಟ್ರಾನನ್ನು ಕೊಟ್ಟು ಅವುಗಳನ್ನು ಶಾಂತಪಡಿಸುವ ಪದಾರ್ಥವೇ ಉತ್ಕರ್ಷಣ ನಿರೋಧಕ. ಆ ಚಂಚಲ ಕಣಗಳು ಕೇವಲ ಶತ್ರುಗಳೆಂದು ತಿಳಿಯಬಾರದು. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ಕೊಲ್ಲುವುದು ಇವುಗಳಿಂದಲೇ.

ಎಣ್ಣೇಮರದ ಎಲೆಯಲ್ಲಿ ಇಂಥ ಪದಾರ್ಥಗಳು ಹೇರಳವಾಗಿರುವುದು ಸತ್ಯ. ಅವುಗಳಲ್ಲಿ ಮುಖ್ಯವಾದುದು ಒಲ್ಯೂರೋಪೀನ್. ಇದನ್ನು 1908ರಲ್ಲಿ ಬೂರ್ಕೆಲೋ, ವಿಂಟಿಲೆಸ್ಕೋ ಎಂಬಿಬ್ಬರು ಶಾಸ್ತ್ರಜ್ಞರು ಕಂಡುಹಿಡಿದರು. ಇದು ಬಲು ಕಹಿ. ಮರದಿಂದ ಕಿತ್ತ ಹಸಿ ಆಲಿವ್ ಕಾಯನ್ನು ಯಾರೂ ತಿನ್ನಲಾರದೆ ಉಪ್ಪುನೀರಿನಲ್ಲಿ ಹಾಕಿಡುವುದು ಈ ಕಹಿಯನ್ನು ಕಳೆಯುವುದಕ್ಕಾಗಿಯೇ. ಬಿಸಿಲಿನ ನಾಡಿನಲ್ಲಿ ನೂರಾರು ವರ್ಷ ಬಾಳುವ ಮರವು ಹುಳುಗಳಿಂದಲೂ ಬೂಷ್ಟಿನಿಂದಲೂ ತನ್ನ ಎಲೆಯನ್ನು ಕಾಪಾಡಿಕೊಳ್ಳಲು ಇದನ್ನು ಮಾಡಿಕೊಳ್ಳುತ್ತದೆ, ನಮಗಾಗಿ ಅಲ್ಲ. ಇದು ಒಡೆದಾಗ ಹೈಡ್ರಾಕ್ಸಿಟೈರಸಾಲ್ ಎಂಬ ಮತ್ತೊಂದು ಪದಾರ್ಥವು ದೊರೆಯುವುದು. (ಪ್ರಾಸಂಗಿಕವಾಗಿ ಒಂದು ಮಾತು: ನಮ್ಮ ಹುಡುಗಿಯರು ಮುಡಿಯುವ ಮಲ್ಲಿಗೆಯೂ, ಬೆಳಗಿನಲ್ಲಿ ಅಂಗಳದ ತುಂಬ ಉದುರುವ ಪಾರಿಜಾತವೂ ಸಸ್ಯಶಾಸ್ತ್ರದ ಪ್ರಕಾರ ಈ ಎಣ್ಣೇಮರದ ಕುಟುಂಬಕ್ಕೇ ಸೇರಿದವು. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಓಲಿಯಾ ಡಯೋಯಿಕಾ ಎಂಬ ಅದರ ಹತ್ತಿರದ ನಂಟು ಉಂಟು.)

ಹಾಗಾದರೆ ಈ ಎಲೆಯಿಂದ ಮನುಷ್ಯನಿಗೆ ಗುಣವುಂಟೇ? ಉಂಟೆಂದು ತೋರಿಸುವ ಕೆಲವು ಪರೀಕ್ಷೆಗಳಿವೆ. 2011ರಲ್ಲಿ ಪ್ರಕಟವಾದ ಇಂಡೋನೇಷ್ಯಾ ದೇಶದ ಒಂದು ಪರೀಕ್ಷೆಯಲ್ಲಿ, ರಕ್ತದ ಒತ್ತಡವು ಸ್ವಲ್ಪಮಟ್ಟಿಗೆ ಏರಿದವರಿಗೆ ಎಲೆಯ ಸಾರವನ್ನು ದಿನಕ್ಕೆರಡು ಬಾರಿ 500 ಮಿಲಿಗ್ರಾಮಿನಂತೆ 8 ವಾರ ಕೊಟ್ಟಾಗ, ಕ್ಯಾಪ್ಟೊಪ್ರಿಲ್ ಎಂಬ ಔಷಧಕ್ಕೆ ಸುಮಾರು ಸಮನಾಗಿ ಒತ್ತಡವು ಇಳಿಯಿತು. ಆದರೆ ಎಂಟು ವಾರಗಳ ಪರೀಕ್ಷೆಯಿಂದ ಇಪ್ಪತ್ತು ವರ್ಷಗಳ ರೋಗಕ್ಕೆ ತೀರ್ಪು ಹೇಳಲಾಗದು. ಐರೋಪ್ಯ ಒಕ್ಕೂಟವು 2012ರಲ್ಲಿ ಅನುಮತಿಸಿದ ಹೇಳಿಕೆಯೂ ಆಲಿವ್ ಎಣ್ಣೆಯ ವಿಷಯವಾಗಿಯೇ ಹೊರತು ಎಲೆಯ ವಿಷಯವಾಗಿ ಅಲ್ಲ. ಮತ್ತು ಒತ್ತಡವನ್ನು ಇಳಿಸುವ ಗುಣವು ನಿಜವಾಗಿಯೂ ಇದ್ದಲ್ಲಿ, ಅದೇ ಎಚ್ಚರಿಕೆಗೆ ಕಾರಣವಾಗಬೇಕು. ಒತ್ತಡಕ್ಕೋ ಸಕ್ಕರೆಯ ಕಾಯಿಲೆಗೋ ಈಗಾಗಲೇ ಮಾತ್ರೆ ನುಂಗುತ್ತಿರುವ ಅಜ್ಜಿಗೆ ಇದನ್ನೂ ಸೇರಿಸಿ ಕೊಟ್ಟರೆ ಅವರು ತಲೆಸುತ್ತಿ ಬೀಳಬಹುದು. ವೈದ್ಯರ ಮಾತ್ರೆಯನ್ನು ನಿಲ್ಲಿಸಿ ಇದನ್ನು ಕೊಡುವುದಂತೂ ಅದಕ್ಕಿಂತ ಕೆಟ್ಟದ್ದು.

ಡಬ್ಬಿಯ ಮೇಲಿನ ದೊಡ್ಡ ಅಂಕಿಗಳನ್ನು ನಂಬುವುದಕ್ಕೂ ಮಿತಿಯಿದೆ. ನೇರಳೆ ಬಣ್ಣದ ದ್ರವಕ್ಕೆ ಎಲೆಯ ಸಾರವನ್ನು ಹಾಕಿ, ಬಣ್ಣವು ಎಷ್ಟು ಬೇಗ ಹೋಯಿತೆಂದು ನೋಡಿ ಶಕ್ತಿಯನ್ನು ಅಳೆಯುವುದು ಒಂದು ಕ್ರಮ. ಗಾಜಿನ ನಳಿಕೆಯಲ್ಲಿ ಆಗುವುದೆಲ್ಲವೂ ಹೊಟ್ಟೆಯಲ್ಲಿ ಆಗುವುದಿಲ್ಲ. ಇಂಥ ಅಂಕಿಗಳ ತನ್ನ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯು 2012ರಲ್ಲಿ ತಾನೇ ಹಿಂದೆಗೆದುಕೊಂಡಿತು. ಇದಕ್ಕೂ ಗಂಭೀರವಾದ ಪಾಠವನ್ನು ಫಿನ್ಲೆಂಡ್ ದೇಶವು ಕಲಿಸಿದೆ. ಅಲ್ಲಿ 29,133 ಮಂದಿ ಧೂಮಪಾನಿ ಗಂಡಸರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಕ್ಯಾರಟ್ಟಿನಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ಉತ್ಕರ್ಷಣ ನಿರೋಧಕವನ್ನು ಮಾತ್ರೆಯಾಗಿ ವರ್ಷಗಟ್ಟಲೆ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರು ಕಡಿಮೆಯಾಗುವುದೆಂದು ಎಲ್ಲರೂ ನಿರೀಕ್ಷಿಸಿದ್ದರು. 1994ರಲ್ಲಿ ಫಲವು ಹೊರಬಿದ್ದಾಗ, ಆ ಮಾತ್ರೆಯನ್ನು ತಿಂದವರಲ್ಲಿ ಆ ರೋಗವು ಶೇಕಡ 18ರಷ್ಟು ಹೆಚ್ಚಾಗಿದ್ದಿತು! ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಕ್ಯಾರಟ್ಟನ್ನು ತಿಂದು ಯಾರಿಗೂ ಹೀಗಾಗಲಿಲ್ಲ. ಆಹಾರದಲ್ಲಿ ಹಲವು ಸತ್ವಗಳು ಅಳತೆಯಿಂದ ಕೂಡಿಬರುವುವು. ಮಾತ್ರೆಯಲ್ಲಿ ಒಂದೇ ಸತ್ವವು ಮಿತಿಮೀರಿ ಬರುವುದು.

ಆದಕಾರಣ ಎಣ್ಣೇಮರದ ಎಲೆಯನ್ನು ಬಯಸುವವರ ಗಮನವನ್ನು ನಾನು ನುಗ್ಗೆಯ ಕಡೆಗೆ ತಿರುಗಿಸುತ್ತೇನೆ. ಕ್ವೆರ್ಸಿಟಿನ್, ಕ್ಲೋರೊಜೆನಿಕ್ ಆಮ್ಲ, ಬೀಟಾ ಕ್ಯಾರೋಟಿನ್ ಮೊದಲಾದ ನಿರೋಧಕಗಳು ಈ ಸೊಪ್ಪಿನಲ್ಲಿ ತುಂಬಿವೆ. ನೂರು ಗ್ರಾಂ ಹಸಿ ಸೊಪ್ಪಿನಲ್ಲಿ ನೂರು ಮಿಲಿಗ್ರಾಮಿಗೂ ಮಿಗಿಲಾಗಿ 'ಸಿ' ಜೀವಸತ್ವವಿದೆ. ಇದರ ಪೈಕಿ ಬಹುಭಾಗವು ಕುದಿಯಿಂದ ನಷ್ಟವಾಗುವುದು. ಕ್ಯಾರೋಟಿನ್ ಅಷ್ಟು ಸುಲಭವಾಗಿ ಕೆಡದು, ಆದರೆ ಅದು ಮೈಗೆ ಹತ್ತಬೇಕಾದರೆ ಎಣ್ಣೆ ಬೇಕು. ನಮ್ಮ ಅಜ್ಜಿಯರ ಒಗ್ಗರಣೆಯು ಬರಿಯ ರುಚಿಗಾಗಿ ಮಾತ್ರವಲ್ಲ. ಬಸ್ಸಾರಿನಲ್ಲಿ ಸೊಪ್ಪು ಬೆಂದ ನೀರನ್ನು ಚೆಲ್ಲದೆ ಸಾರಿಗೆ ಬಳಸುವ ಪದ್ಧತಿಯೂ ಬಹಳ ವಿವೇಕದ್ದು, ಏಕೆಂದರೆ ನೀರಿಗೆ ಇಳಿದ ಸತ್ವವು ಸಾರಿನಲ್ಲೇ ಉಳಿಯುತ್ತದೆ. ಹಣ್ಣು ಬೇಕೆನ್ನುವವರಿಗೆ ನಮ್ಮ ನೆರೆಯ ಹೆಸರಘಟ್ಟದ ತೋಟಗಾರಿಕೆಯ ಸಂಶೋಧನಾ ಸಂಸ್ಥೆಯವರು ಬೆಳೆಸಿಕೊಟ್ಟ ಅರ್ಕ ಕಿರಣ್ ಎಂಬ ಸೀಬೆಯುಂಟು. ಅದರ ಕೆಂಪು ತಿರುಳಿನಲ್ಲಿ ಲೈಕೊಪೀನ್ ಎಂಬ ನಿರೋಧಕವಿದೆ. ದೇವನಹಳ್ಳಿಯ ಕಡೆಯ ನೀಲಿ ದ್ರಾಕ್ಷಿಯ ಸಿಪ್ಪೆಯ ಬಣ್ಣವೂ ಆ ಜಾತಿಯದೇ.

ಇಷ್ಟನ್ನು ಬರೆದುದಕ್ಕೆ ಮುಖ್ಯ ಕಾರಣವು ಬೇರೆಯೇ ಇದೆ. ಉತ್ಕರ್ಷಣ ನಿರೋಧಕವೆಂದೊಡನೆ ಎಲ್ಲವೂ ಎಲ್ಲ ವೇಳೆಗೂ ಒಳ್ಳೆಯದೆಂಬ ಭ್ರಾಂತಿಯು ನಮ್ಮ ಹುಡುಗಿಯರಿಗೆ ಹಾನಿಕರವಾದುದು. ಚಹದಲ್ಲಿರುವ ಒಗರು ಸತ್ವಗಳೂ ನಿರೋಧಕಗಳೇ. ಆದರೆ ಊಟದೊಡನೆ ಕುಡಿದಾಗ ಅವು ಊಟದ ಕಬ್ಬಿಣವನ್ನು ಹಿಡಿದುಕೊಂಡು ರಕ್ತಕ್ಕೆ ಸೇರಗೊಡಿಸುವುದಿಲ್ಲ. 'ಸಿ' ಜೀವಸತ್ವವೂ ನಿರೋಧಕವೇ. ಅದು ಅದೇ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದ್ದಿತು. ಬೆಳಿಗ್ಗೆ ಒಂದು ಲೋಟ ಚಹ, ಎರಡು ಬಿಸ್ಕತ್ತುಗಳ ಮೇಲೆ ಶಾಲೆಗೆ ಬಂದು, ಮೂರನೆಯ ಪಾಠದ ವೇಳೆಗೆ ಮೇಜಿನ ಮೇಲೆ ತಲೆಯಿಟ್ಟು ಮಲಗುವ ಹುಡುಗಿಯನ್ನು ಸೋಮಾರಿಯೆಂದು ಬೈಯುವ ಮೊದಲು ಅವಳ ಕಣ್ಣಿನ ಕೆಳರೆಪ್ಪೆಯ ಒಳಮಗ್ಗುಲನ್ನು ನೋಡಬೇಕೆಂದು ನಮ್ಮ ಉಪಾಧ್ಯಾಯಿನಿಯರಿಗೆ ಹೇಳಿದ್ದೇನೆ. ಅದು ಬಿಳಿಚಿಕೊಂಡಿದ್ದರೆ ತಾಯ್ತಂದೆಗಳಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸುವಂತೆ ಕೋರುತ್ತೇವೆ. ಗುಳಿಗೆಯ ಡಬ್ಬಿಗೆ ಹಣ ತೆರಲು ಸಿದ್ಧರಿರುವ ಪೋಷಕರು ಆ ಹಣದಲ್ಲಿ ಈ ಪರೀಕ್ಷೆಯನ್ನು ಮೊದಲು ಮಾಡಿಸಲಿ.

ಮನೆಯಲ್ಲಿ ಮಾಡತಕ್ಕದ್ದು ಹೆಚ್ಚೇನೂ ಇಲ್ಲ. ರಾಗಿಯಲ್ಲಿ ಕಬ್ಬಿಣವೂ ಇದೆ, ಅದನ್ನು ತಡೆಯುವ ಒಗರೂ ಇದೆ. ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಆ ತಡೆಯು ಕಡಿಮೆಯಾಗುವುದು. ಸೊಪ್ಪಿನ ಸಾರಿಗೆ ನಿಂಬೆಯ ರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಕುದಿಯುವಾಗ ಅಲ್ಲ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಊಟವಾದ ಸ್ವಲ್ಪ ಹೊತ್ತಿನ ಮೇಲೆ ನೀರಿನೊಡನೆಯಾಗಲಿ ನಿಂಬೆಯ ಪಾನಕದೊಡನೆಯಾಗಲಿ ನುಂಗಿಸಬೇಕು. ಹಾಲು, ಚಹ, ಕಾಫಿಗಳೊಡನೆ ಬೇಡ. ಚಹವನ್ನು ಬಿಡಲಾರದವರು ಊಟಕ್ಕೂ ಅದಕ್ಕೂ ನಡುವೆ ಒಂದು ಗಂಟೆಯ ಅಂತರವಿಡಲಿ.

ಮನೆಯ ಮುಂದೆ ನುಗ್ಗೆಯನ್ನು ನೆಡಬಾರದೆಂದು ನಮ್ಮ ಕಡೆ ಹೇಳುವುದುಂಟು. ಕೊಂಬೆಯು ಬಲು ಪೆಡಸು, ಗಾಳಿಗೆ ಮುರಿದು ಬೀಳುವುದು. ಕಂಬಳಿಹುಳುವಿನ ಕಾಟವೂ ಇದೆ. ಹಿತ್ತಲಿನಲ್ಲಿ ನೆಟ್ಟರೆ ಆ ತಕರಾರಿಲ್ಲ. ಶಾಲೆಯ ಹಿಂಬದಿಯ ಗೋಡೆಯ ಬಳಿಯಿರುವ ಎರಡು ಮರಗಳನ್ನು ಪ್ರತಿವರ್ಷ ಮುಂಗಾರಿನ ಮೊದಲಲ್ಲಿ ಸವರಿಸುತ್ತೇವೆ. ಮೊಣಕೈಯುದ್ದದ ಕೊಂಬೆಯನ್ನು ನೀರು ನಿಲ್ಲದ ಜಾಗದಲ್ಲಿ ನೆಟ್ಟರೆ ಸಾಕು, ಚಿಗುರುವುದು. ಬೇಕಾದವರು ಜೂನ್ ತಿಂಗಳಲ್ಲಿ ಶಾಲೆಯ ಆಫೀಸಿನಲ್ಲಿ ಹೇಳಿಟ್ಟರೆ ತೆಗೆದಿರಿಸಲಾಗುವುದು.