ಗೋಡೆಗೊರಗುವ ಮೇಜು

ಹನುಮಂತನಗರದ ನಮ್ಮ ಬಾಡಿಗೆ ಮನೆಯ ಹಾಲು 10 ಅಡಿಗೆ 12 ಅಡಿ. ಟಿ.ವಿ., ದಿವಾನ, ಮಗಳ ಓದು, ಅತ್ತೆಯವರ ಹಾಸಿಗೆ ಎಲ್ಲವೂ ಅಲ್ಲೇ ಆಗಬೇಕು. ಕಿಟಕಿಯ ಪಕ್ಕದ ಗೋಡೆಗೆ ಅಂಟಿಕೊಂಡಂತೆ ಒಂದು ತೇಗದ ಮೇಜು ನಿಂತಿದೆ. ಮಡಿಸಿಟ್ಟಾಗ ಅದರ ಅಗಲ 14 ಅಂಗುಲ, ಹಗಲೆಲ್ಲ ಅದರ ಮೇಲೆ ಕನ್ನಡಕದ ಡಬ್ಬಿ, ದಿನಪತ್ರಿಕೆ. ರಾತ್ರಿ ಎಂಟು ಗಂಟೆಗೆ ಅದನ್ನು ಎತ್ತಿ ಕೋಣೆಯ ಮಧ್ಯಕ್ಕೆ ತರುತ್ತೇವೆ. ಇಳಿಬಿದ್ದಿರುವ ಹಲಗೆಯನ್ನು ಎಡಗೈಲಿ ಎತ್ತಿ ಹಿಡಿದು, ಕೆಳಗಿನ ಕಾಲನ್ನು ಬಲಗೈಲಿ ಗೇಟು ತೆಗೆದ ಹಾಗೆ ಈಚೆಗೆ ತಿರುಗಿಸಬೇಕು. ಮರ ಮರಕ್ಕೆ ಉಜ್ಜಿದ ಒಂದು ಸಣ್ಣ ಸದ್ದು. ಹಲಗೆ ಆ ಕಾಲಿನ ಮೇಲೆ ಕೂರುತ್ತದೆ. ಆ ಕಡೆಯೂ ಹಾಗೆಯೇ ಮಾಡಿದರೆ ನಾಲ್ಕೂವರೆ ಅಡಿಯ ಮೊಟ್ಟೆಯಾಕಾರದ ಊಟದ ಮೇಜು ಸಿದ್ಧ. ನಾಲ್ವರು ಆರಾಮವಾಗಿ, ಹಬ್ಬದ ದಿನ ಆರು ಮಂದಿ ಕೊಂಚ ಒತ್ತಿಕೊಂಡು ಕೂರಬಹುದು. ಊಟ ಮುಗಿದು ಒರೆಸಿದ ಮೇಲೆ ಅದು ಮತ್ತೆ ಗೋಡೆಗೆ ಹೋಗುತ್ತದೆ, ಆ ಜಾಗದಲ್ಲಿ ಅತ್ತೆಯವರ ಹಾಸಿಗೆ ಬೀಳುತ್ತದೆ.

ಈ ಬಗೆಯ ಮೇಜಿಗೆ ಗೇಟ್‌ಲೆಗ್ ಟೇಬಲ್ ಎಂದು ಹೆಸರು. ಇಂಗ್ಲೆಂಡಿನಲ್ಲಿ 16ನೇ ಶತಮಾನದ ಕೊನೆಗೆ ಕಾಣಿಸಿಕೊಂಡು 17ನೇ ಶತಮಾನದಲ್ಲಿ ಮನೆಮನೆಗೆ ಹಬ್ಬಿದ್ದು. ಇದನ್ನು ಇಕ್ಕಟ್ಟಿನಲ್ಲಿದ್ದ ಬಡವರು ಮಾಡಿಕೊಂಡ ಉಪಾಯ ಎಂದು ನಾನು ಬಹಳ ಕಾಲ ತಿಳಿದಿದ್ದೆ. ನಡೆದದ್ದು ಬೇರೆ. ಅದಕ್ಕೂ ಹಿಂದಿನ ಕಾಲದಲ್ಲಿ ದೊಡ್ಡ ಮನೆಗಳ ಊಟ ನಡೆಯುತ್ತಿದ್ದದ್ದು ವಿಶಾಲವಾದ ಹಾಲುಗಳಲ್ಲಿ. ಧಣಿ, ಬಂಧುಗಳು, ಆಳುಕಾಳು ಎಲ್ಲರೂ ಒಂದೇ ಸೂರಿನಡಿ ಉಣ್ಣುತ್ತಿದ್ದರು. ಕವಲುಕಾಲಿನ ಆಸರೆಗಳ ಮೇಲೆ ಉದ್ದುದ್ದ ಹಲಗೆ ಹಾಸಿದರೆ ಅದೇ ಮೇಜು, ಊಟವಾದ ಮೇಲೆ ಹಲಗೆ ತೆಗೆದು ಬದಿಗಿಡುವುದು. 14ನೇ ಶತಮಾನದ ಕೊನೆಯಲ್ಲಿ ‘ಕ್ಯಾಂಟರ್‌ಬರಿ ಟೇಲ್ಸ್’ ಬರೆದ ಚಾಸರ್, ಒಬ್ಬ ಜಮೀನ್ದಾರನ ಧಾರಾಳತನ ಬಣ್ಣಿಸುವಾಗ ಅವನ ಹಾಲಿನಲ್ಲಿ ಮೇಜು ದಿನವಿಡೀ ಹಾಕಿಯೇ ಇರುತ್ತಿತ್ತು ಎಂದು ಎತ್ತಿ ಹೇಳುತ್ತಾನೆ. ಮೇಜನ್ನು ತೆಗೆಯದೇ ಇರುವುದೇ ಆಗ ಸಿರಿತನದ ಗುರುತು. ಬರಬರುತ್ತಾ ಮನೆಯ ಯಜಮಾನರು ಆಳುಗಳಿಂದ ಬೇರೆಯಾಗಿ, ಬೆಚ್ಚಗಿನ ಸಣ್ಣ ಕೋಣೆಗಳಲ್ಲಿ ತಮ್ಮವರೊಂದಿಗಷ್ಟೇ ಉಣ್ಣತೊಡಗಿದರು. ಆ ಕೋಣೆಯಲ್ಲೇ ಓದು, ಇಸ್ಪೀಟು, ಹೊಲಿಗೆ, ಹರಟೆ. ಒಂದೇ ಕೋಣೆ ದಿನಕ್ಕೆ ನಾಲ್ಕು ವೇಷ ಹಾಕಬೇಕಾದಾಗ ಮೇಜು ಮಡಿಸಿಕೊಳ್ಳುವುದನ್ನು ಕಲಿಯಿತು.

ನಮ್ಮ ಮನೆಗಳಿಗೆ ಈ ಪಾಠ ಹೊಸದಲ್ಲ. ಅಜ್ಜಿಯ ಕಾಲದ ನಡುಮನೆಯಲ್ಲಿ ಊಟಕ್ಕೆ ಮಣೆ ಬೀಳುತ್ತಿತ್ತು, ಎಲೆ ಎತ್ತಿ ಸಾರಿಸಿದ ಮೇಲೆ ಮಣೆಗಳು ಸಾಲಾಗಿ ಗೋಡೆಗೆ ಒರಗುತ್ತಿದ್ದವು. ಚಾಪೆ ಸುರುಳಿಯಾಗಿ ಮೂಲೆ ಸೇರುತ್ತಿತ್ತು. ಅದೇ ನೆಲದಲ್ಲಿ ಮಧ್ಯಾಹ್ನ ಹಪ್ಪಳ ಒತ್ತುವುದು, ಸಂಜೆ ಮಗ್ಗಿ, ರಾತ್ರಿ ಹಾಸಿಗೆ. ಆ ಖಾಲಿ ನೆಲವೇ ಮನೆಯ ಆಸ್ತಿ. ನಾವು ಫ್ಲಾಟಿಗೆ ಬಂದು ಆರು ಕುರ್ಚಿಯ, ಗಾಜಿನ ಹಾಸಿನ ಡೈನಿಂಗ್ ಟೇಬಲ್ಲನ್ನು ಹಾಲಿನ ನಡುವೆ ಸ್ಥಾಪಿಸಿಬಿಟ್ಟೆವು. ದಿನಕ್ಕೆ ಒಂದು ಗಂಟೆಯ ಕೆಲಸಕ್ಕೆ ಇಪ್ಪತ್ತನಾಲ್ಕು ಗಂಟೆಯ ಜಾಗ. ಮಡಿಸುವ ಮೇಜು ನನಗೆ ಹತ್ತಿರವಾಗುವುದು ಇಲ್ಲೇ, ಊಟವಾದ ಮೇಲೆ ಅದು ಮಣೆಯ ಹಾಗೆ ಎದ್ದು ಹೋಗುತ್ತದೆ.

ನಮ್ಮ ಮೇಜು ಶಿವಾಜಿನಗರದ ಕಡೆಯ ಒಂದು ಹಳೇ ಮರದ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. 1809ರಲ್ಲಿ ಬೆಂಗಳೂರಿನ ದಂಡು ನೆಲೆಯೂರಿದ ಮೇಲೆ ಬಂಗಲೆಗಳಿಗೆ ಬೇಕಾದ ವಿಲಾಯಿತಿ ಮಾದರಿಯ ಸಾಮಾನನ್ನು ಇಲ್ಲಿನ ಬಡಗಿಗಳೇ ತೇಗ, ಬೀಟೆಯಲ್ಲಿ ಮಾಡಿಕೊಡುತ್ತಿದ್ದರು. ಮೇಜಿನ ಒಂದು ರೆಕ್ಕೆ ಸರಿಯಾಗಿ ಮೇಲೇಳುತ್ತಿರಲಿಲ್ಲ, ಅಂಚಿನಲ್ಲಿ ಚಕ್ಕೆ ಎದ್ದಿತ್ತು. ರೆಕ್ಕೆ ಎನ್ನುವ ಮಾತು ರಿಪೇರಿಗೆ ಬಂದ ಆಚಾರ್ರದ್ದು. ಇಳಿಬಿದ್ದ ಹಲಗೆಗೆ ಅದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಕ್ಕಿಲ್ಲ.

ಆಚಾರ್ರು ಮೇಜನ್ನು ಮಗುಚಿ ಹಾಕಿ, ಟಾರ್ಚ್ ಬಿಟ್ಟು ನೋಡಿದರು. “ಕೀಲು ಬದಲಾಯ್ಸವ್ರೆ ಸಾರ್, ಬಾಗಿಲಿಗೆ ಹಾಕೋದು ತಂದು ಇಲ್ಲಿಗೆ ಜಡಿದವ್ರೆ” ಎಂದರು. ಅಲ್ಲಿಂದ ಮುಂದೆ ಅರ್ಧ ಗಂಟೆ ಅವರು ತೋರಿಸಿದ್ದು ನಾನು ಯಾವ ಪುಸ್ತಕದಲ್ಲೂ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ನಡುವಿನ ಹಲಗೆಯ ಅಂಚು ಹೊರಕ್ಕೆ ಉಬ್ಬಿದ ಕಾಲು ವೃತ್ತ, ರೆಕ್ಕೆಯ ಅಂಚು ಒಳಕ್ಕೆ ತಗ್ಗಿದ ಕಾಲು ವೃತ್ತ. ರೆಕ್ಕೆ ಇಳಿಯುವಾಗ ತಗ್ಗು ಉಬ್ಬಿನ ಮೇಲೆ ಜಾರುತ್ತದೆ. ಮೇಲೆತ್ತಿದಾಗಲೂ ಇಳಿಬಿಟ್ಟಾಗಲೂ ಬಿರುಕು ಕಾಣದು, ಕೀಲೂ ಕಾಣದು. ಬಡಗಿಗಳ ಮಡಿಸುವ ಅಳತೆಪಟ್ಟಿಯ ಕೀಲಿನಂತಿರುವುದರಿಂದ ಇದಕ್ಕೆ ರೂಲ್ ಜಾಯಿಂಟ್ ಎಂದು ಹೆಸರು ಬಂತು. ಇದರ ಜೀವ ಇರುವುದು ಒಂದೇ ಬಿಂದುವಿನಲ್ಲಿ. ಕೀಲಿನ ಕಡ್ಡಿ ಆ ವೃತ್ತದ ಕೇಂದ್ರದಲ್ಲೇ ಕೂರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಮರ ಮರವನ್ನು ತಿನ್ನುತ್ತದೆ. ಕೀಲಿನ ಎರಡು ಪಟ್ಟಿಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ಉದ್ದದ್ದು ರೆಕ್ಕೆಯ ತಗ್ಗನ್ನು ದಾಟಿ ದಪ್ಪ ಮರದಲ್ಲಿ ಮೊಳೆ ಹಿಡಿಯಲಿ ಎಂದು. ಬಾಗಿಲಿನ ಕೀಲಿಗೆ ಎರಡೂ ಪಟ್ಟಿ ಸಮ. ಅದರ ತಿರುಪುಮೊಳೆ ಹೋಗಿ ತೆಳುವಾದ ಅಂಚಿಗೇ ಕೂತಿತ್ತು, ಚಕ್ಕೆ ಎದ್ದದ್ದು ಅಲ್ಲೇ.

ಗೇಟಿನ ಕಾಲಿಗೆ ಮಾತ್ರ ಲೋಹವೇ ಇಲ್ಲ. ಗೇಟಿನ ಒಳಗಂಬದ ಎರಡೂ ತುದಿಯಲ್ಲಿ ಗುಂಡಗೆ ಕಡೆದ ಗೂಟ, ಮೇಲಿನ ಹಾಗೂ ಕೆಳಗಿನ ಅಡ್ಡಪಟ್ಟಿಯಲ್ಲಿ ಅದಕ್ಕೆ ತೂತು. ನಮ್ಮ ಹಳೆಯ ಮನೆಗಳ ಕೀಲಿಲ್ಲದ ಬಾಗಿಲು ಹೊಸಿಲಿನ ಕುಳಿಯಲ್ಲಿ ತಿರುಗುತ್ತಿತ್ತಲ್ಲ, ಅದೇ ವಿದ್ಯೆ. ಗೇಟು ಮುಚ್ಚಿದಾಗ ಅದರ ಕಾಲು ಅಡ್ಡಪಟ್ಟಿಯ ಕಚ್ಚಿನಲ್ಲಿ ಹೋಗಿ ಕೂರುತ್ತದೆ. ಕಾಲಿನಲ್ಲಿ ಅರ್ಧ ಕಚ್ಚು, ಪಟ್ಟಿಯಲ್ಲಿ ಅರ್ಧ ಕಚ್ಚು, ಎರಡೂ ಸೇರಿ ಒಂದೇ ಮರವಾದಂತೆ.

ಕೆಳಗಿನಿಂದ ನೋಡುವ ಅಭ್ಯಾಸ ಅಂದಿನಿಂದ ನನಗೂ ಬಂತು. ಹಳೆಯ ಮೇಜಿನ ವಯಸ್ಸು ಇರುವುದು ಅಡಿಯಲ್ಲಿ. ರೆಕ್ಕೆಯ ಕೆಳಮುಖದಲ್ಲಿ ಗೇಟಿನ ಕಾಲು ವರ್ಷಗಟ್ಟಲೆ ಉಜ್ಜಿ ಮಾಡಿದ ಬಿಲ್ಲಿನಂಥ ಗೆರೆ ಇರಬೇಕು, ಅದು ಈಗಿರುವ ಕಾಲಿನ ಹಾದಿಗೇ ಹೊಂದಬೇಕು. ಹೊಂದದಿದ್ದರೆ ಮೇಲಿನ ಹಲಗೆ ಒಂದು ಮೇಜಿನದು, ಕಾಲು ಇನ್ನೊಂದರದು. ಇಂಥದ್ದಕ್ಕೆ ಇಂಗ್ಲಿಷ್ ವ್ಯಾಪಾರಿಗಳು ‘ಮದುವೆಯಾದ’ ಮೇಜು ಎನ್ನುತ್ತಾರೆ, ಬೆಲೆ ಅರ್ಧಕ್ಕೂ ಕೆಳಗಿಳಿಯುತ್ತದೆ. ಮರ ಎಳೆಯ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಹಾಗಾಗಿ ಇನ್ನೂರು ಮುನ್ನೂರು ವರ್ಷದ ದುಂಡು ಮೇಜನ್ನು ಟೇಪು ಹಿಡಿದು ಅಳೆದರೆ ಅಡ್ಡಳತೆ ಕೊಂಚ ಕಡಿಮೆ ಬರುತ್ತದೆ. ಅಳತೆ ಪಕ್ಕಾ ದುಂಡಗಿದ್ದರೆ ಅನುಮಾನಿಸಬೇಕು. ಕುಟ್ಟೆಯ ತೂತು ಕಂಡರೆ ಹೆದರಬೇಕಿಲ್ಲ, ತೂತಿನೊಳಗೆ ಕಪ್ಪಗಿದ್ದರೆ ಹುಳು ಹೋಗಿ ಕಾಲವಾಯಿತು. ತಟ್ಟಿದಾಗ ಬಿಳಿಹುಡಿ ಉದುರಿದರೆ ಅದನ್ನು ಮನೆಗೆ ತರಬಾರದು.

ಅಳತೆಯಲ್ಲೂ ಒಂದು ಲೆಕ್ಕವಿದೆ. ಊಟದ ಮೇಜಿನ ಎತ್ತರ ಸುಮಾರು 29 ಅಂಗುಲ. ರೆಕ್ಕೆ ನೇತಾಡಿದಾಗ ನೆಲ ಮುಟ್ಟಬಾರದು, ಆದ್ದರಿಂದ ಒಂದು ರೆಕ್ಕೆ 26 ಅಂಗುಲ ಮೀರುವಂತಿಲ್ಲ. ನಡುವಿನ ಪಟ್ಟಿ ಎಷ್ಟು ಕಿರಿದೋ ಮಡಿಸಿದಾಗ ಅಷ್ಟು ಜಾಗ ಉಳಿತಾಯ. ಈ ಲೆಕ್ಕವನ್ನು ತುದಿಗೆ ಮುಟ್ಟಿಸಿದ್ದು ವಿಕ್ಟೋರಿಯಾ ಕಾಲದ ಸದರ್ಲೆಂಡ್ ಮೇಜು. ರಾಣಿಯ ಆಪ್ತೆಯಾಗಿದ್ದ ಸದರ್ಲೆಂಡಿನ ಡಚೆಸ್ ಹ್ಯಾರಿಯೆಟ್ ಹೆಸರಿನದು. ನಡುವಿನ ಪಟ್ಟಿ ಒಂದು ಗೇಣಿಗಿಂತಲೂ ಕಿರಿದಾಗಿರುವುದುಂಟು, ಆದರೆ ಮಡಿಸಿದಾಗ ಮಕ್ಕಳು ಓಡಾಡುವ ಮನೆಯಲ್ಲಿ ಉರುಳುವ ಭಯ ಇದ್ದೇ ಇದೆ.

18ನೇ ಶತಮಾನದ ಪೆಂಬ್ರೋಕ್ ಮೇಜು ಇದಕ್ಕೆ ತದ್ವಿರುದ್ಧ. ಅದರಲ್ಲಿ ನಡು ಅಗಲ, ರೆಕ್ಕೆ ಚಿಕ್ಕದು, ಕಾಲಿಗೆ ಪುಟ್ಟ ಗಾಲಿ. ತಿಂಡಿಗೆ, ಪತ್ರ ಬರೆಯುವುದಕ್ಕೆ ಕೋಣೆಯಿಂದ ಕೋಣೆಗೆ ದೂಡಿಕೊಂಡು ಹೋಗುತ್ತಿದ್ದರು. ಇದರ ರೆಕ್ಕೆಗೆ ಕಾಲಿನ ಆಸರೆ ಬೇಡ, ಪಕ್ಕದಿಂದ ಈಚೆ ಬರುವ ಸಣ್ಣ ಮರದ ತೋಳು ಸಾಕು. ಆ ತೋಳಿನ ಕೀಲೂ ಮರದ್ದೇ. ಎರಡು ಕೈಯ ಬೆರಳು ಹೆಣೆದ ಹಾಗೆ ಮರದ ಹಲ್ಲುಗಳನ್ನು ಕೂಡಿಸಿ ನಡುವೆ ಒಂದು ಕಡ್ಡಿ ತೂರಿಸಿರುತ್ತಾರೆ. ಇದನ್ನು ನೋಡಿದಾಗ ನನಗೆ ನೆನಪಾಗುವುದು ವ್ಯಾಸಪೀಠ. ಗಮಕಿಗಳು ಕುಮಾರವ್ಯಾಸ ಭಾರತವನ್ನು ಇಟ್ಟು ಓದುವ ಆ ಪೀಠಕ್ಕೆ ಒಂದೇ ಹಲಗೆ, ಮೊಳೆಯಿಲ್ಲ, ಅಂಟಿಲ್ಲ, ಕಡ್ಡಿಯೂ ಇಲ್ಲ. ಹಲಗೆಯ ಹೊಟ್ಟೆಯಲ್ಲೇ ಹಲ್ಲುಗಳನ್ನು ಬಿಡಿಸಿ, ದಪ್ಪವನ್ನು ಎರಡಾಗಿ ಸೀಳಿ, ತೆರೆದರೆ ಕತ್ತರಿಯಂತೆ ನಿಲ್ಲಿಸುತ್ತಾರೆ. ಪಶ್ಚಿಮ ಏಷ್ಯಾದಿಂದ ಇಲ್ಲಿಯವರೆಗೆ ಕುರಾನ್ ಇಡುವ ರೆಹಲ್ ಕೂಡ ಇದೇ ಕೆಲಸ. ಮಡಿಸುವ ಮರಗೆಲಸದಲ್ಲಿ ಇದಕ್ಕಿಂತ ದೊಡ್ಡದು ಇಲ್ಲ ಎಂದೇ ನನ್ನ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ 1920, 30ರ ದಶಕಗಳಲ್ಲಿ ಊರಾಚೆಯ ಸಣ್ಣ ಮನೆಗಳಿಗಾಗಿ ಕಾರ್ಖಾನೆಗಳು ಓಕ್ ಮರದ ಗೇಟ್‌ಲೆಗ್ ಮೇಜುಗಳನ್ನು ರಾಶಿರಾಶಿ ಮಾಡಿದವು, ಹಗ್ಗ ಹೊಸೆದಂಥ ಕಾಲುಗಳೊಂದಿಗೆ. ಅವುಗಳಿಗೆ ಈಗ ನೂರು ತುಂಬುತ್ತಿದೆ. ಕಂದು ಮರದ ಸಾಮಾನಿಗೆ ಬೇಡಿಕೆ ಕುಸಿದಿರುವುದರಿಂದ ಹರಾಜಿನಲ್ಲಿ ಹಲವು ಬಾರಿ ನೂರು ಪೌಂಡಿಗೂ ಕಡಿಮೆಗೆ ಹೋಗುತ್ತವೆ. ಅಲ್ಲಿ ಸಣ್ಣ ಮನೆ ಮಾಡಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಒಮ್ಮೆ ಹೋಗಿ ನೋಡಿ. ಹೊಸದೇ ಬೇಕೆನ್ನುವವರಿಗೆ ನಾಗಸಂದ್ರದ ಐಕಿಯಾ ಇದೆ, ಅವರ ‘ನೋರ್ಡೆನ್’ ಮೇಜು ಮಡಿಸಿದಾಗ 26 ಸೆಂಟಿಮೀಟರ್. ತತ್ವ ಅದೇ ನಾಲ್ಕು ನೂರು ವರ್ಷದ್ದು.

ಹಳೆಯದನ್ನು ತಂದವರು ಉಜ್ಜಿ ಹೊಳಪಿಸುವ ಆಸೆಯನ್ನು ಮಾತ್ರ ಬಿಡಬೇಕು. ನೂರಾರು ಕೈ ಸೋಕಿ ಬಂದ ಬಣ್ಣ ಒಂದು ಮರಳುಕಾಗದಕ್ಕೆ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಜೇನುಮೇಣ ಸವರಿ ಹತ್ತಿಬಟ್ಟೆಯಲ್ಲಿ ತಿಕ್ಕಿದರೆ ಸಾಕು. ಮಂಗಳೂರಿನ ಮಳೆಗಾಲದಲ್ಲಿ ಮರ ಉಬ್ಬಿ ರೆಕ್ಕೆ ಬಿಗಿಯಾದರೆ ಕೀಸಲು ಹೋಗದೆ ಬಿಸಿಲು ಬರುವವರೆಗೆ ಕಾಯಬೇಕು.

ಆಚಾರ್ರು ಕೀಲು ಬದಲಾಯಿಸಿ, ಚಕ್ಕೆ ಎದ್ದ ಜಾಗಕ್ಕೆ ಹಳೇ ತೇಗದ ಚೂರನ್ನೇ ಎಳೆ ಹೊಂದಿಸಿ ಕೂಡಿಸಿದರು. ದುಡ್ಡು ತಗೊಂಡ ಮೇಲೂ ಹೊರಡಲಿಲ್ಲ. ಮೇಜಿನ ಕೆಳಗೆ ಅಂಗಾತ ಮಲಗಿ ಟೇಪು ಹಿಡಿದು ಗೇಟಿನ ಕಚ್ಚನ್ನು ಅಳೆಯುತ್ತಿದ್ದರು. “ಮಗಳು ಯಶವಂತಪುರದಲ್ಲಿ ಮನೆ ಮಾಡವ್ಳೆ ಸಾರ್, ಒಂದೇ ರೂಮು” ಎಂದರು ಅಲ್ಲಿಂದಲೇ. ನನ್ನ ಮಗಳು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಅವರು ಹೇಳಿದ ಅಳತೆಗಳನ್ನೆಲ್ಲ ಬರೆದುಕೊಳ್ಳುತ್ತಾ ಹೋದಳು.