ಡೀಸೆಲ್ ಕಾರು ಸ್ಟಾರ್ಟ್ ಆಗ್ತಿಲ್ವಾ? ‘ಇಸಿಎಂ ಹೋಗಿದೆ’ ಅಂತ ಒಪ್ಪಿಕೊಳ್ಳೋ ಮುಂಚೆ ಇನ್ನೊಂದು ಚಾವಿ ಹುಡುಕಿ

ತಿಪಟೂರು: ನಗರದ ಕೊಬ್ಬರಿ ವ್ಯಾಪಾರಿಯೊಬ್ಬರ ಡಿಜೈರ್ ಡೀಸೆಲ್ ಕಾರು ಮೊನ್ನೆ ಬೆಳಗ್ಗೆ ಮನೆ ಮುಂದೆಯೇ ನಿಂತುಬಿಟ್ಟಿತು. ಸೆಲ್ಫ್ ಜೋರಾಗಿಯೇ ತಿರುಗುತ್ತೆ, ಎಂಜಿನ್ ಮಾತ್ರ ಹಿಡಿಯುತ್ತಿಲ್ಲ. ಅಕ್ಕಪಕ್ಕದವರು ಸೇರಿ ತಳ್ಳಿದರು, ಆಗಲಿಲ್ಲ. ಬ್ಯಾಟರಿ ಅಂಗಡಿಯವರು ಬಂದು ಹೊಸ ಬ್ಯಾಟರಿ ಕೂರಿಸಿದರು, ಆಗಲೂ ಇಲ್ಲ. ಮೂರನೆಯವರೊಬ್ಬರು ಫೋನಿನಲ್ಲೇ ‘ಇಸಿಎಂ ಹೋಗಿರುತ್ತೆ, ಟೋಯಿಂಗ್ ಮಾಡಿಸಿ ತಗೊಂಡು ಬನ್ನಿ’ ಅಂದರು. ಇಸಿಎಂ ಅಂದರೆ ಎಂಜಿನ್ನಿಗೆ ಎಷ್ಟು ಡೀಸೆಲ್, ಯಾವಾಗ ಕೊಡಬೇಕು ಅಂತ ತೀರ್ಮಾನಿಸುವ ಕಂಪ್ಯೂಟರ್ ಪೆಟ್ಟಿಗೆ. ಬದಲಾಯಿಸಬೇಕು ಅಂದರೆ ಸಾವಿರಗಟ್ಟಲೆ ದುಡ್ಡಿನ ಮಾತು.

ಸಂಜೆ ಬಂದ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಲೇ ಇಲ್ಲ. ಚಾವಿ ತಿರುಗಿಸಿ ಮೀಟರ್ ಬೋರ್ಡ್ ನೋಡಿದರು. ಕಾರು ಮತ್ತು ಚಾವಿಯ ಚಿತ್ರ ಇರುವ ಪುಟ್ಟ ದೀಪ ಮಿಣಮಿಣ ಅಂತಿತ್ತು. ‘ಸಾಹುಕಾರ್ರೆ, ಇದರ ಜೋಡಿ ಚಾವಿ ಎಲ್ಲೈತೆ?’ ಅಂತ ಕೇಳಿದರು. ಬೀರುವಿನಲ್ಲಿದ್ದ ಚಾವಿ ತಂದು ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್.

ಆಗಿದ್ದಿಷ್ಟೇ. ತಿಂಗಳ ಹಿಂದೆ ಚಾವಿಯ ಪ್ಲಾಸ್ಟಿಕ್ ಕವಚ ಒಡೆದಿದೆ ಅಂತ ರಸ್ತೆ ಬದಿಯಲ್ಲಿ ಹೊಸದು ಹಾಕಿಸಿದ್ದರು. ಹಳೇ ಕವಚದೊಳಗಿದ್ದ ಹುಣಸೆ ಬೀಜದಷ್ಟು ದೊಡ್ಡ ಕಪ್ಪು ಚಿಪ್ಪನ್ನು ಹೊಸದರಲ್ಲಿ ಗಮ್ ಹಾಕಿ ಅಂಟಿಸಲಾಗಿತ್ತು. ಗಮ್ ಬಿಟ್ಟು ಚಿಪ್ ಎಲ್ಲೋ ಬಿದ್ದು ಹೋಗಿದೆ. ಚಾವಿ ಲಾಕಿನಲ್ಲಿ ತಿರುಗುತ್ತೆ, ಆದರೆ ಕಾರಿನ ಲೆಕ್ಕಕ್ಕೆ ಅದು ಕಳ್ಳರ ಚಾವಿ.

ಮಾರುತಿ ಕಂಪನಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿದೆ. ಅಂದರೆ ನಮ್ಮ ರಸ್ತೆಗಳಲ್ಲಿ ಓಡುತ್ತಿರುವ ಸ್ವಿಫ್ಟ್, ಡಿಜೈರ್, ರಿಟ್ಜ್ ಡೀಸೆಲ್ ಗಾಡಿಗಳೆಲ್ಲ ವಯಸ್ಸಾದವು. ಟಾಟಾ ಇಂಡಿಕಾ ವಿಸ್ಟಾದಲ್ಲೂ ಬಂದಿದ್ದು ಇದೇ ಫಿಯೆಟ್ ಮೂಲದ 1.3 ಲೀಟರ್ ಎಂಜಿನ್. ಎಂಜಿನ್ ಗಟ್ಟಿ, ಆದರೆ ವೈರಿಂಗ್, ಸೆನ್ಸರ್, ಚಾವಿಗಳಿಗೆ ವಯಸ್ಸಾಗದೆ ಇರುತ್ತಾ?

ಚಾವಿ ತಿರುಗಿಸಿದಾಗ ಏನಾಗುತ್ತೆ?

ಗಾಡಿ ಸ್ಟಾರ್ಟ್ ಆಗದಿದ್ದಾಗ ಗಾಬರಿಯಲ್ಲಿ ಹತ್ತು ಸಲ ಸೆಲ್ಫ್ ಹೊಡೆಯುವುದೇ ಮೊದಲ ತಪ್ಪು. ಚೆನ್ನಾಗಿದ್ದ ಬ್ಯಾಟರಿಯೂ ಇಳಿದು, ಒಂದು ಇದ್ದ ತೊಂದರೆ ಎರಡಾಗುತ್ತೆ. ಚಾವಿಯನ್ನು ‘ಆನ್’ವರೆಗೆ ಮಾತ್ರ ತಿರುಗಿಸಿ ಸುಮ್ಮನೆ ದೀಪಗಳನ್ನು ನೋಡಬೇಕು.

ಒಂದೂ ದೀಪ ಬರಲಿಲ್ಲವೆಂದರೆ ಬ್ಯಾಟರಿ ಪೂರ್ತಿ ಸತ್ತಿದೆ, ಇಲ್ಲವೇ ಟರ್ಮಿನಲ್ ಬಿಟ್ಟಿದೆ, ಇಲ್ಲವೇ ಮೇನ್ ಫ್ಯೂಸ್ ಹೋಗಿದೆ. ಇಲ್ಲಿ ಇಸಿಎಂ ಮಾತೇ ಬರುವುದಿಲ್ಲ.

ದೀಪ ಬಂದು, ಸೆಲ್ಫ್ ಹೊಡೆದಾಗ ‘ಟಕಟಕಟಕ’ ಅಂದು ದೀಪ ಮಂಕಾದರೆ ಕರೆಂಟ್ ಸಾಲುತ್ತಿಲ್ಲ ಅಂತರ್ಥ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿಯೇ ಡೀಸೆಲ್ ಉರಿಸಬೇಕು. ಆ ಒತ್ತಡದ ವಿರುದ್ಧ ತಿರುಗಿಸಬೇಕಾದ್ದರಿಂದ ಪೆಟ್ರೋಲ್ ಕಾರಿಗಿಂತ ಸೆಲ್ಫ್‌ಗೆ ಹೆಚ್ಚು ಕಸುವು ಬೇಕು. ಮಲ್ಟಿಮೀಟರ್ ಇದ್ದರೆ ಅನುಮಾನವೇ ಬೇಡ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಿದರೆ ಫುಲ್, 12.2 ಅಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ತ್ರಾಣವಿಲ್ಲ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಎಳೆಯುತ್ತಿಲ್ಲ ಅಂದರೆ ಅರ್ಥ್ ವೈರ್ ನೋಡಿಸಬೇಕು. ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ, ಬಾಡಿಯಿಂದ ಎಂಜಿನ್‌ಗೆ ಹೋಗುವ ದಪ್ಪ ವೈರಿನ ತುದಿ ತುಕ್ಕು ಹಿಡಿದಿರುತ್ತೆ. ಮೀಟರಿನ ಒಂದು ಕಡ್ಡಿ ಮೈನಸ್ ಟರ್ಮಿನಲ್‌ಗೆ, ಇನ್ನೊಂದು ಎಂಜಿನ್ನಿನ ಬರೀ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಸರಿಯಿಲ್ಲ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿದರೆ ಹೋಗುವ ತೊಂದರೆ ಇದು, ಇದಕ್ಕೆ ಹೊಸ ಸೆಲ್ಫ್ ಮೋಟರ್ ಹಾಕಿಸಿಕೊಂಡವರೂ ಇದ್ದಾರೆ.

ಚಾವಿ ದೀಪ ಮಿನುಗಿದರೆ

ಸೆಲ್ಫ್ ಚೆನ್ನಾಗಿ ತಿರುಗಿ, ಎಂಜಿನ್ ಹಿಡಿಯದೆ, ಇಲ್ಲವೇ ಹಿಡಿದು ಒಂದೆರಡು ಸೆಕೆಂಡಿಗೆ ನಿಂತು, ಮೇಲಾಗಿ ಚಾವಿ ಚಿತ್ರದ ದೀಪ ಮಿನುಗುತ್ತಿದ್ದರೆ ಅದು ಇಮ್ಮೊಬಿಲೈಜರ್. ಕಳ್ಳತನ ತಡೆಯಲು ಇಟ್ಟಿರುವ ವ್ಯವಸ್ಥೆ. ಚಾವಿ ಹಾಕುವ ಲಾಕಿನ ಸುತ್ತ ಬಳೆಯಂಥ ತಂತಿ ಸುರುಳಿ ಇರುತ್ತೆ. ಚಾವಿ ಆನ್ ಮಾಡಿದಾಗ ಅದು ಚಿಪ್ಪಿಗೆ ಸಿಗ್ನಲ್ ಕೊಟ್ಟು ಅದರ ಗುರುತು ಕೇಳುತ್ತೆ. ಗುರುತು ಹೊಂದಿದರೆ ಇಸಿಎಂ ಡೀಸೆಲ್ ಬಿಡುತ್ತೆ, ಇಲ್ಲದಿದ್ದರೆ ಇಲ್ಲ. ಕೆಲವು ಕಾರುಗಳಲ್ಲಿ ಸೆಲ್ಫೇ ತಿರುಗುವುದಿಲ್ಲ.

ಆ ಚಿಪ್ಪಿಗೆ ಸೆಲ್ ಬೇಕಿಲ್ಲ, ಲಾಕಿನ ಸುರುಳಿಯಿಂದಲೇ ಅದಕ್ಕೆ ಕರೆಂಟ್ ಸಿಗುತ್ತೆ. ಹಾಗಾಗಿ ‘ರಿಮೋಟ್ ಒತ್ತಿದರೆ ಡೋರ್ ಓಪನ್ ಆಗ್ತಿದೆ, ಚಾವಿ ಚೆನ್ನಾಗೇ ಇದೆ’ ಅನ್ನೋದು ತಪ್ಪು ಲೆಕ್ಕ. ರಿಮೋಟ್ ಬೇರೆ, ಚಿಪ್ ಬೇರೆ. ಬಟನ್ ಸ್ಟಾರ್ಟ್ ಗಾಡಿಯಲ್ಲಿ ಮಾತ್ರ ರಿಮೋಟ್ ಸೆಲ್ ಹೋದರೆ ತೊಂದರೆಯಾಗುತ್ತೆ. ಆಗ ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿದರೆ ಬಹುತೇಕ ಗಾಡಿಗಳು ಸ್ಟಾರ್ಟ್ ಆಗುತ್ತವೆ.

ಜೋಡಿ ಚಾವಿಯಲ್ಲಿ ಸ್ಟಾರ್ಟ್ ಆದರೆ ತಪ್ಪು ಚಾವಿಯದು. ಎರಡರಲ್ಲೂ ಆಗದಿದ್ದರೆ ಆ ಸುರುಳಿ, ಅದರ ವೈರ್, ಫ್ಯೂಸ್ ಕಡೆ ನೋಡಬೇಕು. ಬ್ಯಾಟರಿ ತೀರಾ ಇಳಿದಿದ್ದರೂ ಚಿಪ್ ಓದುವುದು ತಪ್ಪಬಹುದು. ಇನ್ನೊಂದು ಸಣ್ಣ ವಿಷಯ: ಅಂಗಡಿ, ಗೋದಾಮು, ಬೈಕು, ಇನ್ನೊಂದು ಕಾರು ಎಲ್ಲದರ ಚಾವಿಯನ್ನೂ ಒಂದೇ ಗೊಂಚಲಿಗೆ ಹಾಕುವ ಅಭ್ಯಾಸ ನಮ್ಮ ವ್ಯಾಪಾರಸ್ಥರಿಗೆ ಜಾಸ್ತಿ. ಪಕ್ಕದಲ್ಲೇ ಇನ್ನೊಂದು ಕಾರಿನ ಚಿಪ್ ಇದ್ದರೆ ಲಾಕಿಗೆ ಗೊಂದಲವಾಗುತ್ತೆ. ಕಾರಿನ ಚಾವಿ ಒಂದನ್ನೇ ಬಿಡಿಸಿ ಹಾಕಿ ನೋಡೋದಕ್ಕೆ ಖರ್ಚಿಲ್ಲ.

ನೂರಿನ್ನೂರು ರೂಪಾಯಿಗೆ ಮಾಡಿಕೊಡುವ ಡೂಪ್ಲಿಕೇಟ್ ಚಾವಿಗೆ ಹಲ್ಲು ಮಾತ್ರ ಇರುತ್ತೆ, ಚಿಪ್ ಇರಲ್ಲ. ಅದು ಡೋರ್ ತೆಗೆಯೋದಕ್ಕಷ್ಟೇ. ‘ಇಮ್ಮೊಬಿಲೈಜರನ್ನೇ ತೆಗೆದುಬಿಡ್ತೀವಿ, ಇನ್ಮೇಲೆ ತಲೆನೋವೇ ಇರಲ್ಲ’ ಅನ್ನುವವರೂ ಸಿಗುತ್ತಾರೆ. ತಲೆನೋವು ಇರಲ್ಲ, ಕಳ್ಳರಿಗೂ ಇರಲ್ಲ.

ದೀಪ ಸರಿಯಿದ್ದೂ ಹಿಡಿಯದಿದ್ದರೆ

ಚಾವಿ ದೀಪದ ತಕರಾರಿಲ್ಲ, ಸೆಲ್ಫೂ ಜೋರಾಗಿದೆ, ಆದರೂ ಸ್ಟಾರ್ಟ್ ಇಲ್ಲ. ಆಗ ಎಂಜಿನ್ ಚಿತ್ರದ ಹಳದಿ ದೀಪ ನೋಡಿ. ಚಾವಿ ಆನ್ ಮಾಡಿದಾಗ ಅದು ಹೊತ್ತಿಕೊಳ್ಳಲೇಬೇಕು. ಹೊತ್ತದಿದ್ದರೆ ಇಸಿಎಂಗೆ ಕರೆಂಟೇ ಹೋಗುತ್ತಿಲ್ಲದೆ ಇರಬಹುದು. ಫ್ಯೂಸ್, ಮೇನ್ ರಿಲೇ, ಅರ್ಥ್ ಈ ಮೂರನ್ನು ಟೆಸ್ಟ್ ಲ್ಯಾಂಪ್ ಹಿಡಿದು ನೋಡದೆ ಪೆಟ್ಟಿಗೆ ಸತ್ತಿದೆ ಅಂತ ಹೇಳೋದು, ಮನೆಗೆ ಕರೆಂಟ್ ಬಂದಿದೆಯಾ ನೋಡದೆ ಟಿವಿ ಕೆಟ್ಟಿದೆ ಅಂದ ಹಾಗೆ.

ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಒಂಚೂರೂ ಅಲುಗದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಎಂಜಿನ್ ತಿರುಗುತ್ತಿದೆ ಅಂತ ಗೊತ್ತಾಗದೆ ಇಸಿಎಂ ಡೀಸೆಲ್ ಬಿಡಲ್ಲ. ಈ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಸ್ಟಾರ್ಟ್ ಆಗೋದಕ್ಕೇ ಪೈಪಿನಲ್ಲಿ ಸುಮಾರು 200 ಬಾರ್ ಒತ್ತಡ ಏರಬೇಕು. ಕಾರಿನ ಟೈರಿನಲ್ಲಿರೋದು 2 ಬಾರ್ ಚಿಲ್ಲರೆ ಅಂದರೆ ಅಂದಾಜು ಸಿಗಬಹುದು. ಫಿಲ್ಟರ್ ಕಟ್ಟಿದ್ದರೆ, ಲೈನಿಗೆ ಗಾಳಿ ಹೊಕ್ಕಿದ್ದರೆ ಆ ಒತ್ತಡ ಏರಲ್ಲ. ಹಳೇ ಜೀಪು, ಟ್ರ್ಯಾಕ್ಟರ್ ಅಭ್ಯಾಸದಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಡೀಸೆಲ್ ಬರುತ್ತಾ ಅಂತ ನೋಡುವವರು ಇದನ್ನು ಮುಟ್ಟಬಾರದು. ಆ ಒತ್ತಡದ ಡೀಸೆಲ್ ಕೈಯ ಚರ್ಮ ತೂರಿ ಒಳಗೆ ಹೋಗುತ್ತೆ.

ನಮ್ಮೂರಿನ ವಿಶೇಷ ಅಂದರೆ ಇಲಿ. ಕೊಬ್ಬರಿ ಗೋದಾಮು, ದಿನಸಿ ಅಂಗಡಿ ಪಕ್ಕ ರಾತ್ರಿ ನಿಲ್ಲಿಸಿದ ಗಾಡಿಯ ಬಾನೆಟ್ಟಿನೊಳಗೆ ಬೆಚ್ಚಗೆ ಕೂತು ವೈರ್ ಕಡಿಯುತ್ತವೆ. ಬಾನೆಟ್ ಎತ್ತಿದಾಗ ಕೊಬ್ಬರಿ ಚೂರು, ಹಿಕ್ಕೆ ಕಂಡರೆ ಮೊದಲು ಸೆನ್ಸರ್ ವೈರುಗಳನ್ನು ಕಣ್ಣಿನಲ್ಲೇ ನೋಡಿಸಬೇಕು.

ಸ್ಕ್ಯಾನರ್ ಹಾಕಿದವರ ಹತ್ತಿರ ‘ಕೋಡ್ ಏನು ಬಂತು, ಬರೆದುಕೊಡಿ’ ಅಂತ ಕೇಳೋದರಲ್ಲಿ ನಾಚಿಕೆ ಏನಿಲ್ಲ. ಪಿ 0335 ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ 0087 ಅಂದರೆ ರೈಲ್ ಒತ್ತಡ ಕಡಿಮೆ. ಎರಡರಲ್ಲಿ ಯಾವುದು ಬಂದರೂ ಅದು ಇಸಿಎಂ ಹೋಗಿದೆ ಅನ್ನುವ ಸರ್ಟಿಫಿಕೇಟ್ ಅಲ್ಲ, ಹುಡುಕಬೇಕಾದ ಜಾಗ ಅಷ್ಟೇ. ಕೊನೆಗೆ ಇಸಿಎಂ ನಿಜವಾಗಿಯೂ ಹೋಗಿದ್ದರೂ ಸೆಕೆಂಡ್ ಹ್ಯಾಂಡ್ ಒಂದನ್ನು ತಂದು ಸಿಕ್ಕಿಸಿದರೆ ಸಾಲದು. ಅದಕ್ಕೂ ನಿಮ್ಮ ಚಾವಿಗೂ ಗುರುತು ಹೊಂದಿಸಬೇಕು, ಇಲ್ಲದಿದ್ದರೆ ಮತ್ತದೇ ದೀಪ.

ತಳ್ಳೋದು, ಜಂಪ್ ಕೊಡೋದು

ಬ್ಯಾಟರಿ ಸ್ವಲ್ಪ ಇಳಿದಿದ್ದರೆ ತಳ್ಳಿ ಸ್ಟಾರ್ಟ್ ಮಾಡಬಹುದು. ಪೂರ್ತಿ ಸತ್ತಿದ್ದರೆ ಬಿ.ಎಚ್. ರಸ್ತೆ ಉದ್ದಕ್ಕೂ ತಳ್ಳಿದರೂ ಆಗಲ್ಲ, ಇಸಿಎಂ ಎಚ್ಚರವಾಗೋದಕ್ಕೂ ಕರೆಂಟ್ ಬೇಕು. ಇಮ್ಮೊಬಿಲೈಜರ್ ತೊಂದರೆಗಂತೂ ತಳ್ಳೋದು ಬರೀ ಬೆವರು. ಜಂಪ್ ಕೊಡುವಾಗ ಕೆಂಪು ವೈರ್ ಪ್ಲಸ್‌ನಿಂದ ಪ್ಲಸ್‌ಗೆ ಹಾಕಬೇಕು. ಕಪ್ಪು ವೈರ್ ಚೆನ್ನಾಗಿರುವ ಬ್ಯಾಟರಿಯ ಮೈನಸ್‌ನಿಂದ ನಿಂತ ಗಾಡಿಯ ಎಂಜಿನ್ ಲೋಹಕ್ಕೆ. ಲಾರಿಯ 24 ವೋಲ್ಟ್‌ನಿಂದ ಕಾರಿಗೆ ಕೊಡಬಾರದು. ಪ್ಲಸ್ ಮೈನಸ್ ತಿರುಗಾಮುರುಗಾ ಆದರೆ, ಓಡುತ್ತಿರುವ ಎಂಜಿನ್‌ನಲ್ಲಿ ಬ್ಯಾಟರಿ ಬಿಚ್ಚಿದರೆ, ಚೆನ್ನಾಗಿದ್ದ ಇಸಿಎಂ ಆಗ ನಿಜವಾಗಿಯೂ ಸುಟ್ಟುಹೋಗಬಹುದು.

ಹಳೇ ಕಾರು ಕೊಳ್ಳುವವರು ಎರಡೂ ಚಾವಿ ಕೇಳಿ ಪಡೆದು, ಎರಡರಲ್ಲೂ ಸ್ಟಾರ್ಟ್ ಮಾಡಿ ನೋಡಿಯೇ ದುಡ್ಡು ಕೊಡುವುದು ಒಳ್ಳೆಯದು. ಚಾವಿಯ ನಂಬರ್ ಇರುವ ಪುಟ್ಟ ತಗಡು ಸಿಕ್ಕರೆ ಅದನ್ನೂ ಎತ್ತಿಡಬೇಕು. ಗಾಡಿ ಕಳವಾದರೆ ವಿಮೆ ಕಂಪನಿಯವರು ಕ್ಲೇಮಿಗೆ ಸಾಮಾನ್ಯವಾಗಿ ಎರಡೂ ಚಾವಿ ಕೇಳುತ್ತಾರೆ.

ಕೊಬ್ಬರಿ ವ್ಯಾಪಾರಿ ಈಗ ಬೀರುವಿನ ಚಾವಿಯಲ್ಲೇ ಓಡಾಡುತ್ತಿದ್ದಾರೆ. ಇನ್ನೊಂದಕ್ಕೆ ಹೊಸ ಚಿಪ್ ಹಾಕಿಸಿ ಗಾಡಿಗೆ ರಿಜಿಸ್ಟರ್ ಮಾಡಿಸಲು ತುಮಕೂರಿಗೆ ಹೋಗಬೇಕಿದೆ. ಹೊಸ ಬ್ಯಾಟರಿ ವಾಪಸ್ ತಗೊಳ್ಳಲ್ಲ ಅಂದಿದ್ದಾರಂತೆ ಅಂಗಡಿಯವರು.