ಹಳೆಯ ಫಿಯಟ್‌ಗೆ ಮರುಜೀವ: ಖರ್ಚಿಗೆ ತಕ್ಕ ಫಲ ಉಂಟೇ?

ಕುರ್ಲಾದಿಂದ ಹೊರಟು ಘಾಟ್ಕೋಪರ್, ವಿಕ್ರೋಲಿ, ಕಾಂಜೂರ್‌ಮಾರ್ಗ ದಾಟಿ ಭಾಂಡುಪ್‌ಗೆ ಬರುವ ಎಲ್‌ಬಿಎಸ್ ಮಾರ್ಗಕ್ಕೂ ಮಧ್ಯಮವರ್ಗದ ಕಾರಿಗೂ ಹಳೆಯ ನಂಟು. ಫಿಯಟ್ ಕಾರುಗಳನ್ನು ತಯಾರಿಸುತ್ತಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ ಇದ್ದುದು ಕುರ್ಲಾದಲ್ಲಿ. ಟಯರ್ ಮಾಡುವ ಸಿಯೆಟ್, ಬಣ್ಣ ಮಾಡುವ ಏಷ್ಯನ್ ಪೇಂಟ್ಸ್ ಭಾಂಡುಪ್‌ನಲ್ಲಿ ಕಾರ್ಖಾನೆ ಕಟ್ಟಿದವು. ಈ ರಸ್ತೆಗೆ ಹೆಸರು ಕೊಟ್ಟ ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ ಒಂದು ಫಿಯಟ್ ಕೊಂಡಿದ್ದರು. ಪ್ರಧಾನಿಯಾಗಿದ್ದ ಅವರ ಕೈಯಲ್ಲಿದ್ದದ್ದು 7,000 ರೂಪಾಯಿ, ಕಾರಿನ ಬೆಲೆ 12,000. ಉಳಿದ 5,000 ರೂಪಾಯಿಗೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ಪಡೆದರು. 1966ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ ಪತ್ನಿ ಲಲಿತಾ ಶಾಸ್ತ್ರಿ ತಮ್ಮ ಪಿಂಚಣಿಯಿಂದ ಆ ಸಾಲವನ್ನು ತೀರಿಸಿದರು. ಆ ಕಾರು ಇಂದಿಗೂ ದೆಹಲಿಯ ಅವರ ಸ್ಮಾರಕದಲ್ಲಿದೆ.

ಸಾಲ ಮಾಡಿ ಕೊಂಡು, ಜೋಪಾನವಾಗಿ ಬಳಸಿ, ಮಕ್ಕಳಿಗೆ ಬಿಟ್ಟುಹೋಗುವ ಕಾರು ಅದು. ಊರಿನಿಂದ ಬಂದು ಮುಂಬಯಿಯಲ್ಲಿ ಹೋಟೆಲು ಕಟ್ಟಿದ, ಮಿಲ್ಲು–ಕಾರ್ಖಾನೆಗಳಲ್ಲಿ ದುಡಿದು ಮೇಲೆ ಬಂದ ನಮ್ಮ ಎಷ್ಟೋ ಕುಟುಂಬಗಳ ಮೊದಲ ಕಾರೂ ಫಿಯಟ್ಟೇ. ಅಂಥ ಕಾರು ಈಗ ಸೊಸೈಟಿಯ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿರುತ್ತದೆ. ಮಾರಿಬಿಡೋಣ ಎಂದು ಮಗ, ರಿಪೇರಿ ಮಾಡಿಸೋಣ ಎಂದು ಅಪ್ಪ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಯಾರ ಮಾತು ನಡೆಯಬೇಕೆಂದು ತೀರ್ಮಾನಿಸುವ ಮುನ್ನ ಈ ಕಾರನ್ನೂ ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಕುಶಲಕರ್ಮಿಗಳ ಕೆಲಸವನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು.

ಮಿಲೆಚೆಂತೊದಿಂದ ಪದ್ಮಿನಿವರೆಗೆ

ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಕಂಪನಿ ಆರಂಭಿಸಿದರು. ಮೊದಲು ಅಮೆರಿಕದ ಡಾಡ್ಜ್, ಪ್ಲಿಮತ್ ವಾಹನಗಳ ಜೋಡಣೆ, ನಂತರ ಇಟಲಿಯ ಫಿಯಟ್ ಜತೆ ಒಪ್ಪಂದ. 1954ರಲ್ಲಿ ಫಿಯಟ್ 1100 ಬಂತು. ಇಟಲಿಯವರು ಮಿಲೆಚೆಂತೊ ಎನ್ನುತ್ತಿದ್ದ ಅದರ ಗುಂಡುಗುಂಡಾದ ಮೈ ನೋಡಿ ಮುಂಬಯಿಯ ಜನ ಡುಕ್ಕರ್ (ಹಂದಿ) ಫಿಯಟ್ ಎಂದು ಕರೆದರು. 1964ರಲ್ಲಿ 1100 ಡಿಲೈಟ್ ಬಂದಾಗ ಮುಂಬಯಿಯ ಟ್ಯಾಕ್ಸಿಯವರು ಅದನ್ನು ಕೈಗೆತ್ತಿಕೊಂಡರು. ಅದೇ ಕಾರು 1973ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪ್ರೀಮಿಯರ್ ಪದ್ಮಿನಿ. 1,089 ಸಿಸಿ ಎಂಜಿನ್, ಸ್ಟಿಯರಿಂಗ್ ಕಂಬದಲ್ಲೇ ಗೇರು, ಮುಂದೆ ಸೋಫಾದಂಥ ಉದ್ದನೆಯ ಸೀಟು.

ಕುರ್ಲಾದ ಕಾರ್ಖಾನೆಯ ಜಾಗದಲ್ಲಿ ಈಗ ಕೊಹಿನೂರ್ ಸಿಟಿ ಎದ್ದಿದೆ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್‌ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗಳಿಗೆ 20 ವರ್ಷದ ವಯೋಮಿತಿ ಇರುವುದರಿಂದ 2023ರ ಅಕ್ಟೋಬರ್ ಮುಗಿಯುವ ಹೊತ್ತಿಗೆ ಕಾಳಿ–ಪೀಳಿ ಪದ್ಮಿನಿಯ ಯುಗವೂ ಮುಗಿಯಿತು. ಖಾಸಗಿ ಕಾರಿಗೆ ಆ ಮಿತಿ ಇಲ್ಲ. ಆದ್ದರಿಂದಲೇ ನಮ್ಮ ಪ್ರಶ್ನೆ ಇನ್ನೂ ಜೀವಂತವಾಗಿದೆ.

ಮೊದಲು ಕಾಗದಪತ್ರ

ಕಾರು ಗ್ಯಾರೇಜಿಗೆ ಹೋಗುವ ಮೊದಲು ಆರ್‌ಸಿ ಪುಸ್ತಕ ಕೈಗೆ ಬರಬೇಕು. ಅದು ಯಾರ ಹೆಸರಿನಲ್ಲಿದೆ, ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿದೆಯೇ, ಎಂಜಿನ್ ಮತ್ತು ಚಾಸಿ ನಂಬರು ತಾಳೆಯಾಗುತ್ತವೆಯೇ, ನೋಂದಣಿಯ ಅವಧಿ ಯಾವಾಗ ಮುಗಿದಿದೆ ಎಂಬುದನ್ನು ನೋಡಬೇಕು. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದನ್ನು 10,000 ಮಾಡಿದ್ದಾರೆ. ಇದರ ಮೇಲೆ ರಾಜ್ಯದ ಪರಿಸರ ತೆರಿಗೆ, ವಿಮೆ, ಪಿಯುಸಿ.

50 ವರ್ಷ ದಾಟಿದ ಕಾರಿಗೆ ಇನ್ನೊಂದು ದಾರಿಯಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷ ಸಿಂಧು, ಮರುನೋಂದಣಿಗೆ 5,000. ಮೊದಲೇ ನೋಂದಣಿಯಾಗಿರುವ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. 1974ರ ಪದ್ಮಿನಿಗಳೂ ಈಗ ಈ ವಯಸ್ಸಿಗೆ ಬಂದಿವೆ. ಆದರೆ ಎರಡು ಷರತ್ತುಗಳಿವೆ. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಯಂಥ ಕಾರಣಗಳಿಗಲ್ಲದೆ ದಿನನಿತ್ಯ ಓಡಿಸುವಂತಿಲ್ಲ. ಮಾರುಕಟ್ಟೆಗೂ ದೇವಸ್ಥಾನಕ್ಕೂ ಅದರಲ್ಲೇ ಹೋಗುವ ಆಸೆಯಿದ್ದರೆ ಸಾಮಾನ್ಯ ನವೀಕರಣವೇ ಸರಿಯಾದ ದಾರಿ.

ಆಮೇಲೆ ತಗಡು

ಹಳೆಯ ಕಾರು ಎಂದರೆ ಎಲ್ಲರೂ ಎಂಜಿನ್ ಬಗ್ಗೆ ಕೇಳುತ್ತಾರೆ. ಅನುಭವಸ್ಥ ಮೇಸ್ತ್ರಿ ಮಾತ್ರ ಮೊದಲು ಬಗ್ಗಿ ಕಾರಿನ ಹೊಟ್ಟೆ ನೋಡುತ್ತಾನೆ. ಜೀಪಿನ ಹಾಗೆ ಫಿಯಟ್‌ಗೆ ಬೇರೆ ಚಾಸಿ ಇಲ್ಲ. ಮೈಯೇ ಅದರ ಅಸ್ಥಿಪಂಜರ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದರೆ ಕಾರಿನ ಬಲವೇ ಹೋದಂತೆ. ಭಾಂಡುಪ್‌ನ ಹವೆಯಂತೂ ತಗಡಿಗೆ ಕಡುವೈರಿ. ಪೂರ್ವಕ್ಕೆ ಠಾಣೆ ಖಾರಿ, ಅದರ ದಂಡೆಯ ಉಪ್ಪಿನ ಗದ್ದೆಗಳು. ಪಶ್ಚಿಮಕ್ಕೆ ಗುಡ್ಡ, ಅದರಿಂದ ಇಳಿದುಬರುವ ಮಳೆನೀರು. ನಾಲ್ಕು ತಿಂಗಳ ಮಳೆಯಲ್ಲಿ ತಾಡಪತ್ರಿಯೊಳಗೆ ಬೆವರುತ್ತ ನಿಂತ ಕಾರು, ಗೆದ್ದಲು ಹಿಡಿದ ಬಾಗಿಲಿನ ಹಾಗೆ, ಹೊರಗೆ ನೆಟ್ಟಗೆ ಕಂಡರೂ ಒಳಗೆ ಟೊಳ್ಳಾಗಿರುತ್ತದೆ.

ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಜಾರಿಸುತ್ತ ಹೋದರೆ ಸಾಕು. ಅದು ಅಂಟದೆ ಬೀಳುವ ಕಡೆ ತಗಡಿಲ್ಲ, ದಪ್ಪ ಪುಟ್ಟಿ ಇದೆ ಎಂದರ್ಥ. ಬ್ಯಾಟರಿಯ ತಟ್ಟೆ, ಸ್ಟೆಪ್ನಿ ಇಡುವ ಗುಂಡಿ, ಬಾಗಿಲುಗಳ ಅಡಿಯಂಚು, ರಬ್ಬರ್ ಮ್ಯಾಟಿನ ಕೆಳಗಿನ ನೆಲ, ಮುಂಗಾಜಿನ ರಬ್ಬರಿನ ಸುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಬೇಕು. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಕೊಡುತ್ತದೆ.

ಕಸುಬಿನ ನಿಜವಾದ ಸೊಗಸು ಇರುವುದೂ ಇಲ್ಲಿಯೇ. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯುತ್ತಾರೆ. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಹೊಸ ತಗಡಿನ ಮೇಲಿಟ್ಟು ಗೆರೆ ಹಾಕುತ್ತಾರೆ. ಒಳಗಿನಿಂದ ಕಬ್ಬಿಣದ ಡಾಲಿ ಒತ್ತಿಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಸಣ್ಣಸಣ್ಣ ಪೆಟ್ಟು ಕೊಡುತ್ತ ಮಡ್ಗಾರ್ಡಿನ ಆ ಹಳೆಯ ತಿರುವನ್ನು ಮತ್ತೆ ತರುತ್ತಾರೆ. ಪೆಟ್ಟು ಹೆಚ್ಚಾದರೆ ತಗಡು ಹಿಗ್ಗಿ ಉಬ್ಬುತ್ತದೆ, ವೆಲ್ಡಿಂಗಿನ ಬಿಸಿ ಹೆಚ್ಚಾದರೆ ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ನುರಿತ ಟಿಂಕರ್ ಕಣ್ಣಿಗಿಂತ ಅಂಗೈಯನ್ನು ನಂಬುತ್ತಾನೆ; ಮೈಮೇಲೆ ಅಂಗೈ ಸವರಿ, ಕಣ್ಣಿಗೆ ಕಾಣದ ತಗ್ಗನ್ನು ಗುರುತಿಸಿ ಮತ್ತೆ ಸುತ್ತಿಗೆ ಎತ್ತುತ್ತಾನೆ. ಕೆಲಸ ಹೀಗೆ ನಡೆದರೆ ಪುಟ್ಟಿ ತೆಳುವಾಗಿ ಹಚ್ಚಿದರೆ ಸಾಕು. ಅವಸರದವರು ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅದು ಮುಂದಿನ ಮಳೆಗಾಲಕ್ಕೇ ಬಿರಿಯುತ್ತದೆ. ಖರ್ಚಿನ ದೊಡ್ಡ ಪಾಲು ಹೋಗುವುದು ಈ ಕೈಗೆಲಸದ ದಿನಗಳಿಗೆ, ಹೋಗಬೇಕಾದದ್ದೂ ಅದಕ್ಕೇ.

ಎಂಜಿನ್ ಕೊನೆಗೆ

ಫಿಯಟ್ ಎಂಜಿನ್ ಸರಳ. ಬೋರ್ ಮಾಡಿಸಿ ಪಿಸ್ಟನ್, ರಿಂಗು, ಬೇರಿಂಗು ಹಾಕಿಸುವುದು ಬಲ್ಲವರಿಗೆ ಗೊತ್ತಿರುವ ಕೆಲಸ. ಮುಂಚಕ್ರದ ಕಿಂಗ್‌ಪಿನ್, ಕಂಬದ ಗೇರಿನ ಸವೆದ ಜೋಡಣೆಗಳು, ಬ್ರೇಕ್ ಸಿಲಿಂಡರು, ಪೂರ್ತಿ ವೈರಿಂಗು ಪಟ್ಟಿಯಲ್ಲಿರಲಿ. ಶೇ. 20 ಎಥನಾಲ್ ಬೆರೆತ ಪೆಟ್ರೋಲು ಬಂದಿರುವುದರಿಂದ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ, ಕಾರ್ಬ್ಯುರೇಟರಿನ ವಾಷರುಗಳನ್ನು ಎಥನಾಲ್ ತಾಳಿಕೊಳ್ಳುವಂಥವಕ್ಕೆ ಬದಲಿಸುವುದು ಒಳ್ಳೆಯದು.

ಬಿಡಿಭಾಗಗಳಿಗೆ ಒಪೆರಾ ಹೌಸ್ ಸುತ್ತಲಿನ ಅಂಗಡಿಗಳು, ಕುರ್ಲಾದ ಗುಜರಿ, ಚೋರ್ ಬಜಾರ್ ಅಲೆಯಬೇಕು, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಎಂಜಿನ್ ಸಾಮಾನಿಗಿಂತ ಗ್ರಿಲ್, ಕ್ರೋಮ್ ಬೀಡಿಂಗ್, ಲಾಂಛನ, ದೀಪದ ಗಾಜು ಸಿಗುವುದೇ ಕಷ್ಟ. ಆದ್ದರಿಂದ ನಿಮ್ಮ ಕಾರಿನಿಂದ ಬಿಚ್ಚಿದ ಒಂದು ಕ್ಲಿಪ್ಪನ್ನೂ ಎಸೆಯಲು ಬಿಡಬೇಡಿ.

ಲೆಕ್ಕ ಹಾಕುವುದು ಹೇಗೆ?

ಒಂದು ಮಾತನ್ನು ನೇರವಾಗಿ ಹೇಳಬೇಕು. ಸಾಮಾನ್ಯ ಪದ್ಮಿನಿಗೆ ಸುರಿದ ಹಣ ಅದನ್ನು ಮಾರಿದರೆ ವಾಪಸು ಬರುವುದಿಲ್ಲ. ಅವು ಲಕ್ಷಗಟ್ಟಲೆ ತಯಾರಾದವು, ಅಪರೂಪದವಲ್ಲ. ಲಾಭದ ಆಸೆಯಿಂದ ಈ ಕೆಲಸಕ್ಕೆ ಕೈಹಾಕುವವರು ಇಲ್ಲಿಗೇ ನಿಲ್ಲಿಸುವುದು ಲೇಸು. ಕಾಗದಪತ್ರ ಇಲ್ಲದ, ನೆಲವೆಲ್ಲ ಕೊಳೆತ, ನಂಬರು ತಾಳೆಯಾಗದ ಕಾರಿಗೂ ಖರ್ಚು ಮಾಡಬೇಡಿ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ, ಅದರಿಂದ ಹೊಸ ಕಾರಿನ ತೆರಿಗೆಯಲ್ಲಿ ರಿಯಾಯಿತಿ ಉಂಟು.

ಆದರೆ ಕಾಗದ ಸರಿಯಿದ್ದು, ತಗಡು ಬಹುಪಾಲು ಗಟ್ಟಿಯಿದ್ದು, ಆ ಕಾರಿನಲ್ಲಿ ಊರಿಗೆ ಹೋಗಿಬಂದ, ಮದುವೆಯ ದಿಬ್ಬಣ ಕಂಡ ಮನೆಯವರು ಅದನ್ನು ಓಡಿಸುತ್ತಾರೆ ಎಂಬ ಖಾತ್ರಿಯಿದ್ದರೆ ಖರ್ಚು ಸಾರ್ಥಕ. ಹಾಗೆ ಮಾಡಿಸುವುದಾದರೆ ತಗಡು, ಬಣ್ಣ, ಎಂಜಿನ್‌ಗೆ ಬೇರೆಬೇರೆ ಅಂದಾಜು ಬರೆಸಿಕೊಳ್ಳಿ. ಬಣ್ಣ ಕೆರೆದ ಮೇಲೆ ಹೊಸ ತೂತುಗಳು ಕಾಣುವುದು ಖಂಡಿತ. ಅದಕ್ಕೂ ಹಣ ತೆಗೆದಿಡಿ. ಕೆಲಸ ಮುಗಿದಂತೆಲ್ಲ ಕಂತುಕಂತಾಗಿ ಪಾವತಿಸಿ, ಪ್ರತಿ ಹಂತದ ಫೋಟೊ ಇಟ್ಟುಕೊಳ್ಳಿ. ಐದು ವರ್ಷ ದಾಟಿದ ವಾಹನದ ವಿಮಾ ಮೌಲ್ಯ ಕಂಪನಿಯೊಂದಿಗಿನ ಒಪ್ಪಂದದಿಂದ ನಿರ್ಧಾರವಾಗುತ್ತದೆ. ಆ ಮಾತುಕತೆಗೂ ಈ ಫೋಟೊ, ಬಿಲ್ಲುಗಳು ಬೇಕಾಗುತ್ತವೆ. ಊರಿಗೆ ಹೋದಾಗ ಧರ್ಮಸ್ಥಳದ ಮಂಜೂಷಾ ಅಥವಾ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಒಮ್ಮೆ ನೋಡಿ ಬನ್ನಿ. ಒಳ್ಳೆಯ ಕೆಲಸ ಹೇಗಿರುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಕಾರಣಕ್ಕೂ ಈ ತೀರ್ಮಾನವನ್ನು ಮುಂದೂಡಬಾರದು. ಹೊಸ ಕಾರುಗಳ ಗ್ಯಾರೇಜಿನಲ್ಲಿ ಬಾಗಿಲು ಜಜ್ಜಿದರೆ ಬಾಗಿಲನ್ನೇ ಬದಲಿಸುತ್ತಾರೆ. ಸುತ್ತಿಗೆ, ಡಾಲಿ ಹಿಡಿದು ತಗಡಿಗೆ ಆಕಾರ ಕೊಡಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ, ಕೆಲಸ ಸಿಕ್ಕರಷ್ಟೇ ಆ ವಿದ್ಯೆ ಮುಂದಿನವರಿಗೆ ದಾಟುತ್ತದೆ. ನಿಮ್ಮ ಕಾರು ಉಳಿಸುವಂಥದ್ದಾದರೆ ಈ ಮಳೆಗಾಲಕ್ಕೆ ಮುಂಚೆಯೇ ತಾಡಪತ್ರಿ ತೆಗೆದು ಒಬ್ಬ ಒಳ್ಳೆಯ ಮೇಸ್ತ್ರಿಗೆ ತೋರಿಸಿ.